ಅಂಗಡಿ ಕೆಲಸದವರಿಗೂ ಫುಡ್ ಸ್ಟಾಂಪ್ ಯಾಕೆ ಬೇಕು? ಸಿಪಿಎ (ಲೆಕ್ಕಪರಿಶೋಧಕಿ) ಅವರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಟೆಕ್ಸಸ್‌ನಿಂದ): ನಮಸ್ಕಾರ ಮೇಡಂ. ನಾನು, ನಮ್ಮ ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಟ್ಯಾಕ್ಸ್ ಚೆನ್ನಾಗಿಯೇ ಕಟ್ಟುತ್ತೇವೆ. ಮೊನ್ನೆ ಮನೆ ಹತ್ತಿರದ ದೊಡ್ಡ ಅಂಗಡಿಯಲ್ಲಿ ನನ್ನ ಮುಂದೆ ಒಬ್ಬರು ಹೆಂಗಸು ನಿಂತಿದ್ದರು. ಅಲ್ಲೇ ಕೆಲಸ ಮಾಡುವವರು, ಮೈಮೇಲೆ ಅಂಗಡಿಯ ವೆಸ್ಟ್ ಇನ್ನೂ ಇತ್ತು. ಹಾಲು, ಮೊಟ್ಟೆ, ಅಕ್ಕಿಗೆ ಇಬಿಟಿ ಕಾರ್ಡ್, ಅಂದರೆ ಸರ್ಕಾರ ಆಹಾರಕ್ಕೆ ಕೊಡುವ ಫುಡ್ ಸ್ಟಾಂಪ್ ಕಾರ್ಡ್, ಉಜ್ಜಿದರು. ಕೆಲಸ ಇದ್ದವರಿಗೂ ಸರ್ಕಾರದ ಸಹಾಯ ಯಾಕೆ? ಕಂಪನಿ ಕೊಡಬೇಕಾದ ಸಂಬಳವನ್ನು ನಾವು ಕೊಡುತ್ತಿದ್ದೇವಾ?

ಉತ್ತರ: ನಮಸ್ಕಾರ. ಟ್ಯಾಕ್ಸ್ ಸೀಸನ್‌ನಲ್ಲಿ ನಾನು ಶನಿವಾರ ಲೈಬ್ರರಿಯಲ್ಲಿ ಕೂತು, ತೆರಿಗೆ ಇಲಾಖೆ ಐಆರ್‌ಎಸ್‌ನ ವೀಟಾ ಕಾರ್ಯಕ್ರಮದಡಿ ಕಡಿಮೆ ಆದಾಯದವರಿಗೆ ಪುಕ್ಕಟೆಯಾಗಿ ರಿಟರ್ನ್ ತುಂಬಿಕೊಡುತ್ತೇನೆ. ನೀವು ನೋಡಿದಂಥವರೇ ಡಬ್ಲ್ಯೂ-2, ಅಂದರೆ ಕಂಪನಿ ಕೊಡುವ ವರ್ಷದ ಸಂಬಳದ ಪತ್ರ, ಹಿಡಿದುಕೊಂಡು ಬರುತ್ತಾರೆ. ಅದರಲ್ಲಿ ಕಾಣುವ ಲೆಕ್ಕ ಹೇಳುತ್ತೇನೆ, ಕೇಳಿ.

ಇಬ್ಬರು ಮಕ್ಕಳ ತಾಯಿ, ಒಬ್ಬರೇ ದುಡಿಯುವವರು. ಗಂಟೆಗೆ 15 ಡಾಲರ್, ವಾರಕ್ಕೆ 28 ಗಂಟೆ. ವರ್ಷಕ್ಕೆ 21,840 ಡಾಲರ್ ಆಯಿತು. ಮೂರು ಜನರ ಮನೆಗೆ 2025ರ ಫೆಡರಲ್ ಬಡತನ ರೇಖೆ 26,650. ಸ್ನ್ಯಾಪ್, ಅಂದರೆ ಫುಡ್ ಸ್ಟಾಂಪ್, ಸಿಗಲು ಒಟ್ಟು ಆದಾಯ ಸಾಮಾನ್ಯವಾಗಿ ಇದರ ಶೇ 130ರ ಒಳಗಿರಬೇಕು, ಅಂದರೆ ಸುಮಾರು 34,600. ಈ ತಾಯಿಗೆ ವಾರಕ್ಕೆ ಪೂರ್ತಿ 40 ಗಂಟೆ ಸಿಕ್ಕಿದರೂ ವರ್ಷಕ್ಕೆ 31,200. ಆಗಲೂ ಮಿತಿಯ ಒಳಗೇ ಇರುತ್ತಾರೆ.

ಇದು 15 ಡಾಲರ್ ಸಿಗುವವರ ಕಥೆ. ಫೆಡರಲ್ ಕನಿಷ್ಠ ಕೂಲಿ 2009ರ ಜುಲೈಯಿಂದ 7.25 ಡಾಲರ್‌ನಲ್ಲೇ ನಿಂತಿದೆ. ನಿಮ್ಮ ಟೆಕ್ಸಸ್‌ನಲ್ಲಿ ಕಾನೂನಿನ ಪ್ರಕಾರ ಇವತ್ತಿಗೂ ಅಷ್ಟೇ. ಆ ಕೂಲಿಗೆ ವರ್ಷವಿಡೀ ರಜೆ ಇಲ್ಲದೆ 40 ಗಂಟೆ ದುಡಿದರೆ 15,080 ಡಾಲರ್. ಒಂಟಿ ಮನುಷ್ಯನ 2025ರ ಬಡತನ ರೇಖೆಯೇ 15,650!

ಕೆಲಸ ಕಮ್ಮಿ ಮಾಡಿ ಸಹಾಯ ತಗೊಳ್ಳುತ್ತಾರೆ ಅನ್ನುವವರು 2020ರಲ್ಲಿ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಕೊಟ್ಟ ವರದಿ ನೋಡಬೇಕು. ಸ್ನ್ಯಾಪ್ ಮತ್ತು ಮೆಡಿಕೇಡ್‌ನಲ್ಲಿರುವ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ದುಡಿಯುವ ವಯಸ್ಕರಲ್ಲಿ ಸುಮಾರು ಶೇ 70ರಷ್ಟು ಜನ ವಾರಕ್ಕೆ 35 ಗಂಟೆ ಅಥವಾ ಜಾಸ್ತಿ ಕೆಲಸ ಮಾಡುವವರು ಅಂತ ಅದರಲ್ಲಿದೆ. ಅಂಕಿಅಂಶ ಕೊಟ್ಟ ರಾಜ್ಯಗಳಲ್ಲಿ ಅವರಿಗೆ ಕೆಲಸ ಕೊಟ್ಟ ಕಂಪನಿಗಳ ಪಟ್ಟಿಯ ಮೇಲ್ತುದಿಯಲ್ಲಿ ವಾಲ್‌ಮಾರ್ಟ್, ಮೆಕ್‌ಡೊನಾಲ್ಡ್ಸ್ ಇವೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ, ಒಂದು ಮಟ್ಟಿಗೆ ಹೌದು. ಸಂಬಳ ಮತ್ತು ಸಂಸಾರದ ಖರ್ಚಿನ ನಡುವಿನ ಅಂತರವನ್ನು ನಮ್ಮ ಟ್ಯಾಕ್ಸ್ ತುಂಬುತ್ತಿದೆ. ಆದರೆ ಆ ದುಡ್ಡು ಕಂಪನಿಯ ಜೇಬಿಗೆ ನೇರವಾಗಿ ಹೋಗುತ್ತದೆ ಅನ್ನುವುದು ಸರಿಯಲ್ಲ. ಆ ತಾಯಿಯ ಕೆಲಸ ನಾಳೆ ಹೋದರೂ ಮಕ್ಕಳ ಊಟಕ್ಕೆ ಕಾರ್ಡ್ ಇರುತ್ತದೆ. ಹಾಗಾಗಿ ಬೇರೆ ಕೆಲಸ ಹುಡುಕುವ ಧೈರ್ಯ ಬರುತ್ತದೆ. ನನಗೆ ಕಾಣುವಂತೆ ತಪ್ಪು ಇಬಿಟಿ ಕಾರ್ಡ್‌ನಲ್ಲಿಲ್ಲ, ಪೇ ಸ್ಲಿಪ್‌ನಲ್ಲಿದೆ.

ಪ್ರಶ್ನೆ (ಅದೇ ಸದಸ್ಯರು): ಥ್ಯಾಂಕ್ಸ್ ಮೇಡಂ. ಆದರೆ 28 ಗಂಟೆ ಯಾಕೆ? ಪೂರ್ತಿ ಕೆಲಸ ಕೇಳಬಹುದಲ್ವಾ?

ಉತ್ತರ: ಕೇಳುತ್ತಾರೆ, ಸಿಗುವುದಿಲ್ಲ. ಒಬಾಮಾ ಕಾಲದ ಆರೋಗ್ಯ ಕಾನೂನಿನ ಪ್ರಕಾರ ದೊಡ್ಡ ಕಂಪನಿಗಳು ವಾರಕ್ಕೆ 30 ಗಂಟೆ ಅಥವಾ ಜಾಸ್ತಿ ದುಡಿಯುವವರಿಗೆ ವಿಮೆ ಕೊಡಬೇಕು, ಇಲ್ಲದಿದ್ದರೆ ದಂಡ. ಅದಕ್ಕಿಂತ ಕಡಿಮೆ ಇದ್ದರೆ ಆ ಹೊಣೆ ಇಲ್ಲ. 30 ಗಂಟೆಗಿಂತ ಕಡಿಮೆ ಇರುವ ಸುಮಾರು 30,000 ಜನರ ವಿಮೆ ನಿಲ್ಲಿಸುವುದಾಗಿ 2014ರಲ್ಲಿ ವಾಲ್‌ಮಾರ್ಟೇ ಹೇಳಿತ್ತು.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಚಿಕ್ಕ ಮಕ್ಕಳಿಲ್ಲದ, ಆರೋಗ್ಯವಾಗಿರುವ ವಯಸ್ಕರು ಸ್ನ್ಯಾಪ್ ಉಳಿಸಿಕೊಳ್ಳಲು ತಿಂಗಳಿಗೆ 80 ಗಂಟೆ ಕೆಲಸ ತೋರಿಸಬೇಕು. ಇಲ್ಲದಿದ್ದರೆ ಮೂರು ವರ್ಷದಲ್ಲಿ ಮೂರು ತಿಂಗಳು ಮಾತ್ರ ಸಹಾಯ. 2025ರ ಜುಲೈಯ ಕಾನೂನು ಈ ನಿಯಮವನ್ನು 64 ವರ್ಷದವರೆಗೆ ಎಳೆಯಿತು. 2027ರಿಂದ ಹಲವು ಮೆಡಿಕೇಡ್ ಫಲಾನುಭವಿಗಳಿಗೂ ಇಂಥದೇ 80 ಗಂಟೆಯ ಷರತ್ತು ಬರಲಿದೆ. ಈಗ ನೀವೇ ಯೋಚಿಸಿ. ಮಕ್ಕಳು ದೊಡ್ಡವರಾಗಿ ಹೋದ 58 ವರ್ಷದ ಹೆಂಗಸು ಕ್ರಿಸ್‌ಮಸ್ ಹೊತ್ತಿಗೆ ವಾರಕ್ಕೆ 36 ಗಂಟೆ ದುಡಿಯುತ್ತಾರೆ. ಜನವರಿಯಲ್ಲಿ ಗಿರಾಕಿ ಇಲ್ಲ ಅಂತ ಮ್ಯಾನೇಜರ್ ಶಿಫ್ಟ್ ಕಡಿದು ವಾರಕ್ಕೆ 15 ಗಂಟೆ ಮಾಡುತ್ತಾರೆ. ತಿಂಗಳಿಗೆ 65 ಆಯಿತು. ಸಂಬಳವೂ ಹೋಯಿತು, ಕಾರ್ಡೂ ಹೋಗುವ ಹಾಗಾಯಿತು. ಎಷ್ಟು ಗಂಟೆ ಅಂತ ತೀರ್ಮಾನ ಮಾಡುವುದು ಅಂಗಡಿ, ಶಿಕ್ಷೆ ಮಾತ್ರ ಆಕೆಗೆ. ಇದು ಅನ್ಯಾಯ ಅಂತ ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ.

ಆರೆಗಾನ್ ರಾಜ್ಯ 2017ರಲ್ಲಿ ಒಂದು ಒಳ್ಳೆ ಕಾನೂನು ತಂದಿತು. 500 ಅಥವಾ ಹೆಚ್ಚು ನೌಕರರಿರುವ ಚಿಲ್ಲರೆ ಅಂಗಡಿ, ಹೋಟೆಲ್ ಕಂಪನಿಗಳು ಶಿಫ್ಟ್ ಪಟ್ಟಿಯನ್ನು ಮೊದಲೇ ಕೊಡಬೇಕು, ಈಗ 14 ದಿನ ಮುಂಚೆ. ಅಂಥದ್ದು ಎಲ್ಲ ಕಡೆ ಬೇಕು.

ಪ್ರಶ್ನೆ (ಅರ್ಕಾನ್ಸಾಸ್‌ನಿಂದ): ಮೇಡಂ, ನಾನು ವಾಲ್‌ಮಾರ್ಟ್‌ನ ಮುಖ್ಯ ಕಚೇರಿ ಇರುವ ಬೆಂಟನ್‌ವಿಲ್‌ನಲ್ಲಿ ಐಟಿಯಲ್ಲಿದ್ದೇನೆ. ಬೆಂಗಳೂರಿನಲ್ಲೂ ವಾಲ್‌ಮಾರ್ಟ್‌ನ ದೊಡ್ಡ ಟೆಕ್ ತಂಡ ಇದೆ, ಫ್ಲಿಪ್‌ಕಾರ್ಟೂ ಅವರದೇ. ನಮ್ಮವರು ಎಷ್ಟೋ ಜನ ಅದರಿಂದ ಬದುಕು ಕಟ್ಟಿಕೊಂಡಿದ್ದಾರೆ. ಸಂಬಳವನ್ನೂ ಏರಿಸುತ್ತಲೇ ಬಂದಿದ್ದಾರೆ. ಅದನ್ನೂ ಹೇಳಬೇಕಲ್ವಾ?

ಉತ್ತರ: ಖಂಡಿತ ಹೇಳಬೇಕು. ಅಲ್ಲಿನ ಆರಂಭಿಕ ಕೂಲಿ 2015ರಲ್ಲಿ 9 ಡಾಲರ್ ಆಯಿತು, 2016ರಲ್ಲಿ 10, 2018ರಲ್ಲಿ 11, 2023ರಲ್ಲಿ 14. ದೇಶದ ಅತಿ ದೊಡ್ಡ ಖಾಸಗಿ ಉದ್ಯೋಗದಾತ ಆದ್ದರಿಂದ ಇಂಥ ಯಾವ ಪಟ್ಟಿ ಮಾಡಿದರೂ ಅವರ ಹೆಸರು ಮೇಲೆ ಬರುವುದು ಸಹಜ, ಅದೂ ನಿಜ. ಆದರೆ ಏರಿಕೆ ಸುಮ್ನೆ ಬರಲಿಲ್ಲ ಸರ್. ಕೆಲಸಗಾರರು ಬೀದಿಗಿಳಿದರು. 2013ರಲ್ಲಿ ಓಹಾಯೋದ ಕ್ಯಾಂಟನ್ ಅಂಗಡಿಯೊಂದರಲ್ಲಿ, ಕಷ್ಟದಲ್ಲಿರುವ ಸಹೋದ್ಯೋಗಿಗಳ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ದಿನಸಿ ಹಾಕಿ ಅಂತ ಸಿಬ್ಬಂದಿಯ ಜಾಗದಲ್ಲೇ ಪ್ಲಾಸ್ಟಿಕ್ ಡಬ್ಬಿ ಇಟ್ಟಿದ್ದರು. ಆ ಫೋಟೋ ದೇಶವೆಲ್ಲ ನೋಡಿತು. ಕಂಪನಿ ಅದನ್ನು ಸಿಬ್ಬಂದಿಯ ಪರಸ್ಪರ ಕಾಳಜಿ ಅಂದಿತು. ಇಟ್ಟವರ ಮನಸ್ಸು ದೊಡ್ಡದೇ. ಆದರೆ ದಿನಸಿ ಮಾರುವವರ ಮನೆಯಲ್ಲೇ ದಿನಸಿ ಇಲ್ಲ ಅನ್ನುವುದನ್ನು ಮರೆಯಲು ನನಗೆ ಆಗುವುದಿಲ್ಲ.

ಪ್ರಶ್ನೆ (ನ್ಯೂಜೆರ್ಸಿಯಿಂದ): ಹಾಗಾದರೆ ಆ ಖರ್ಚನ್ನು ಕಂಪನಿಯಿಂದಲೇ ವಸೂಲಿ ಮಾಡಿದರೆ ಆಯಿತಲ್ಲ?

ಉತ್ತರ: ಪ್ರಯತ್ನ ಆಗಿದೆ. ಮೇರಿಲ್ಯಾಂಡ್ 2006ರಲ್ಲಿ, 10,000 ಅಥವಾ ಹೆಚ್ಚು ನೌಕರರಿರುವ ಕಂಪನಿ ಸಂಬಳ ಬಾಬತ್ತಿನ ಶೇ 8ರಷ್ಟನ್ನು ಆರೋಗ್ಯಕ್ಕೆ ಖರ್ಚು ಮಾಡಬೇಕು, ಇಲ್ಲ ಸರ್ಕಾರಕ್ಕೆ ಕಟ್ಟಬೇಕು ಅಂತ ಕಾನೂನು ಮಾಡಿತು. ಫೆಡರಲ್ ಕೋರ್ಟ್ ಅದನ್ನು ಹೊಡೆದುಹಾಕಿತು, 2007ರಲ್ಲಿ ಮೇಲ್ಮನವಿಯಲ್ಲೂ ಉಳಿಯಲಿಲ್ಲ. 2018ರಲ್ಲಿ ಸೆನೆಟರ್ ಬರ್ನಿ ಸ್ಯಾಂಡರ್ಸ್, ನೌಕರರು ಪಡೆದ ಸಹಾಯದಷ್ಟೇ ಮೊತ್ತವನ್ನು ದೊಡ್ಡ ಕಂಪನಿಗೆ ಟ್ಯಾಕ್ಸ್ ಹಾಕುವ ಮಸೂದೆ ತಂದರು. ಅದು ಪಾಸಾಗಲಿಲ್ಲ. ಆದರೆ ಅದೇ ನವೆಂಬರ್‌ನಿಂದ ಅಮೆಜಾನ್ ಕನಿಷ್ಠ ಕೂಲಿಯನ್ನು 15 ಡಾಲರ್‌ಗೆ ಏರಿಸಿತು.

ನನಗೆ ಅಂಥ ಟ್ಯಾಕ್ಸ್ ಬಗ್ಗೆ ಭಯ ಇದೆ. ಮಕ್ಕಳಿರುವ ಒಂಟಿ ತಾಯಿಗೆ ಕೆಲಸ ಕೊಟ್ಟರೆ ಟ್ಯಾಕ್ಸ್ ಬೀಳುತ್ತದೆ ಅಂತಾದರೆ ಅಂಗಡಿಯವರು ಆಕೆಯನ್ನು ತೆಗೆದುಕೊಳ್ಳುತ್ತಾರಾ? ಕನಿಷ್ಠ ಕೂಲಿ ಏರಿಸುವುದು, ಗಂಟೆಗಳಿಗೆ ಖಾತರಿ ಕೊಡುವುದು ಇದಕ್ಕಿಂತ ಸರಿಯಾದ ದಾರಿ.

ಪ್ರಶ್ನೆ (ಇಲಿನಾಯ್‌ನಿಂದ): ಅಕ್ಕ, ನಮ್ಮ ಅಮ್ಮ ನನ್ನ ಸ್ಪಾನ್ಸರ್‌ಶಿಪ್‌ನಲ್ಲಿ ಗ್ರೀನ್ ಕಾರ್ಡ್ ಪಡೆದು ಬಂದು ಎರಡು ವರ್ಷ. ನಮ್ಮ ಜೊತೆಗೇ ಇದ್ದಾರೆ. ಹತ್ತಿರದ ದೊಡ್ಡ ಅಂಗಡಿಯಲ್ಲಿ ವಾರಕ್ಕೆ 22 ಗಂಟೆ ಬಟ್ಟೆ ಮಡಚಿ ಜೋಡಿಸುವ ಕೆಲಸ. ಜೊತೆಯವರು ಸ್ನ್ಯಾಪ್‌ಗೆ ಅರ್ಜಿ ಹಾಕಿ ಅನ್ನುತ್ತಿದ್ದಾರಂತೆ. ಹಾಕಬಹುದಾ?

ಉತ್ತರ: ಸದ್ಯಕ್ಕೆ ಬೇಡಮ್ಮ. ಗ್ರೀನ್ ಕಾರ್ಡ್ ಇರುವ ವಯಸ್ಕರಿಗೆ ಸಾಮಾನ್ಯವಾಗಿ ಐದು ವರ್ಷ ಆಗಬೇಕು. ಒಂದೇ ಒಲೆಯಲ್ಲಿ ಅಡುಗೆ ಮಾಡಿ ಉಣ್ಣುವವರನ್ನು ಒಂದೇ ಮನೆ ಅಂತ ಲೆಕ್ಕ ಹಾಕುತ್ತಾರೆ, ಹಾಗಾಗಿ ನಿಮ್ಮ ಸಂಬಳವೂ ಸೇರುತ್ತದೆ. ನೀವು ಐ-864ಕ್ಕೆ, ಅಂದರೆ ಅಮ್ಮನನ್ನು ನೋಡಿಕೊಳ್ಳುತ್ತೇನೆ ಅನ್ನುವ ಸ್ಪಾನ್ಸರ್ ಕರಾರಿಗೆ, ಸಹಿ ಹಾಕಿದ್ದೀರಿ, ಆ ಜವಾಬ್ದಾರಿ ಅಮ್ಮ ಸಿಟಿಜನ್ ಆಗುವವರೆಗೆ ಅಥವಾ 40 ಕ್ವಾರ್ಟರ್ ಕೆಲಸದ ಲೆಕ್ಕ ಸಿಗುವವರೆಗೆ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಆ 40 ಕ್ವಾರ್ಟರ್ ಕಡೆ ಗಮನ ಕೊಡಿ. 2025ರಲ್ಲಿ 1,810 ಡಾಲರ್ ಗಳಿಕೆಗೆ ಒಂದು ಕ್ರೆಡಿಟ್ (ಕ್ವಾರ್ಟರ್ ಅಂದರೆ ಇದೇ), ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. ಅಂದರೆ 7,240 ಡಾಲರ್ ಗಳಿಸಿದರೆ ಆ ವರ್ಷದ ನಾಲ್ಕೂ ಬಂದವು. 22 ಗಂಟೆಯ ಕೆಲಸ ವರ್ಷವಿಡೀ ಇದ್ದರೆ ಅಮ್ಮನಿಗೆ ಅಷ್ಟು ಆಗಿಯೇ ಆಗುತ್ತದೆ. 40 ತುಂಬಿದರೆ ಸೋಶಿಯಲ್ ಸೆಕ್ಯೂರಿಟಿ ಪಿಂಚಣಿಗೂ, 65ರ ನಂತರ ಮೆಡಿಕೇರ್ ಆಸ್ಪತ್ರೆ ವಿಮೆ ಪ್ರೀಮಿಯಂ ಇಲ್ಲದೆ ಸಿಗುವುದಕ್ಕೂ ಅರ್ಹತೆ ಬರುತ್ತದೆ. ಸೋಶಿಯಲ್ ಸೆಕ್ಯೂರಿಟಿ ವೆಬ್‌ಸೈಟ್‌ನಲ್ಲಿ ಅವರ ಹೆಸರಲ್ಲಿ ಖಾತೆ ತೆರೆದು, ಪ್ರತಿ ವರ್ಷ ಗಳಿಕೆ ಸರಿಯಾಗಿ ದಾಖಲಾಗಿದೆಯಾ ನೋಡಿ. ಡಬ್ಲ್ಯೂ-2 ಒಂದನ್ನೂ ಎಸೆಯಬೇಡಿ. ತಪ್ಪು ಕಂಡರೆ ತಿದ್ದಿಸಲು ಸಾಮಾನ್ಯವಾಗಿ ಮೂರು ವರ್ಷ, ಮೂರು ತಿಂಗಳು, ಹದಿನೈದು ದಿನ ಮಾತ್ರ ಸಮಯ ಇರುತ್ತದೆ.