‘ಫ್ಲೂರೊಸೆಂಟ್ ಬ್ಯಾಕ್ಟೀರಿಯಾ’ಕ್ಕೆ ‘ಹೊಳೆಯುವ’ ಎಂದರೆ ಸಾಕೇ?

ಮಾನ್ಯರೇ,

ಮುಂಬಯಿಯ ನಮ್ಮ ಕನ್ನಡ ಬಳಗದ ಆರೋಗ್ಯ ಸಂಚಿಕೆಗೆ, ವಂಶವಾಹಿ ಮಾರ್ಪಡಿಸಿದ ಬ್ಯಾಕ್ಟೀರಿಯಾಗಳ ನೆರವಿನಿಂದ ಚರ್ಮದ ಕ್ಯಾನ್ಸರನ್ನು ಗುರುತಿಸುವ ಸಂಶೋಧನೆಯ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಫ್ಲೂರೊಸೆಂಟ್’ ಎಂಬಲ್ಲಿ ‘ಹೊಳೆಯುವ’ ಎಂದರೆ ಸಾಕು ಎಂದು ಸಂಪಾದಕರು ಸೂಚಿಸಿದ್ದಾರೆ. ನನಗೆ ಅದು ಒಪ್ಪಿಗೆಯಾಗಿಲ್ಲ.

ಕನ್ನಡಿಯೂ ಹೊಳೆಯುತ್ತದೆ, ಮಿಂಚುಹುಳವೂ ಹೊಳೆಯುತ್ತದೆ. ಮೊದಲನೆಯದು ಬಿದ್ದ ಬೆಳಕನ್ನೇ ಹಿಂದಿರುಗಿಸುತ್ತದೆ, ಎರಡನೆಯದು ತನ್ನೊಳಗಿನ ರಾಸಾಯನಿಕ ಕ್ರಿಯೆಯಿಂದ ತಾನೇ ಬೆಳಕನ್ನು ಹುಟ್ಟಿಸುತ್ತದೆ. ಇಲ್ಲಿ ನಡೆಯುವುದು ಇವೆರಡೂ ಅಲ್ಲ. 1962ರಲ್ಲಿ ವಿಜ್ಞಾನಿ ಒಸಾಮು ಶಿಮೊಮುರಾ ಅವರು ಅಂಬಲಿಮೀನಿನಲ್ಲಿ (ಜೆಲ್ಲಿಫಿಶ್) ಗುರುತಿಸಿದ, 1994ರಲ್ಲಿ ವಿಜ್ಞಾನಿ ಮಾರ್ಟಿನ್ ಚಾಲ್ಫಿ ಅವರ ತಂಡ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಾಗುವಂತೆ ಮಾಡಿದ ಪ್ರೋಟೀನು ನೀಲಿ ಬೆಳಕನ್ನು ಹೀರಿ, ಅದಕ್ಕಿಂತ ಉದ್ದದ ತರಂಗಾಂತರದ ಹಸಿರು ಬೆಳಕನ್ನು ಹೊರಸೂಸುತ್ತದೆ. ಆ ನೀಲಿ ದೀಪ ಆರಿಸಿದೊಡನೆ ಹಸಿರೂ ಇಲ್ಲವಾಗುತ್ತದೆ. ಬ್ಯಾಂಕಿನಲ್ಲಿ ನೇರಳಾತೀತ ದೀಪದಡಿ ಹಿಡಿದಾಗ ಮಾತ್ರ ನೋಟಿನ ಅಂಕಿಗಳು ಬೆಳಗುವುದೂ ಇದೇ ಗುಣದಿಂದ.

ಈ ವ್ಯತ್ಯಾಸವನ್ನು ನಮ್ಮ ಓದುಗರಿಗೆ ತಿಳಿಸಲೇಬೇಕು. 2020ರ ನವೆಂಬರಿನಲ್ಲಿ ಜುಹೂ ಕಡಲತೀರದಲ್ಲಿ ಅಲೆಗಳು ನೀಲಿಯಾಗಿ ಬೆಳಗಿದ್ದನ್ನು ನೆನಪಿಟ್ಟುಕೊಂಡವರು ‘ಹೊಳೆಯುವ ಬ್ಯಾಕ್ಟೀರಿಯಾ’ ಎಂದೊಡನೆ ಅದನ್ನೇ ಊಹಿಸಿಕೊಳ್ಳುತ್ತಾರೆ. ಅದು ಜೈವಿಕ ದೀಪ್ತಿ. ಅದಕ್ಕೆ ಹೊರಗಿನ ದೀಪ ಬೇಕಿಲ್ಲ.

‘ಫ್ಲೂರೊಸೆನ್ಸ್’ ಎಂಬುದಕ್ಕೆ ಪಠ್ಯಗಳಲ್ಲಿರುವ ‘ಪ್ರತಿದೀಪ್ತಿ’ಯನ್ನೇ ಉಳಿಸಿಕೊಂಡು ‘ಪ್ರತಿದೀಪ್ತ ಬ್ಯಾಕ್ಟೀರಿಯಾ’ ಎಂದು ಬರೆಯಲು ನನಗೆ ಮನಸ್ಸಿದೆ. ಆದರೆ ‘ಪ್ರತಿಫಲನ’ದ ‘ಪ್ರತಿ’ಯೇ ಇಲ್ಲಿಯೂ ಇರುವುದರಿಂದ, ಕನ್ನಡಿಯ ಕೆಲಸವೆಂದೇ ಓದುಗರು ಭಾವಿಸಬಹುದೇ ಎಂಬ ಅಳುಕೂ ಇದೆ.

ವಂಶವಾಹಿ ಮಾರ್ಪಡಿಸಿದ ಎಂಬರ್ಥದ ‘ಎಂಜಿನಿಯರ್ಡ್’ ಎಂಬುದಕ್ಕೆ ‘ಕುಲಾಂತರಿ’ ಶಾಸ್ತ್ರೀಯವಾಗಿ ಸರಿ. ಆದರೂ ಬಿಟಿ ಬದನೆಯ ವಿವಾದದ ನಂತರ ಆ ಪದಕ್ಕೆ ಭಯದ ಛಾಯೆ ಅಂಟಿಕೊಂಡಿರುವುದರಿಂದ, ರೋಗಿಗಳ ಮನೆಯವರು ಓದುವ ಬರಹದಲ್ಲಿ ಅದನ್ನು ಬಿಟ್ಟಿದ್ದೇನೆ.

ಇನ್ನೊಂದು ಪದದ ಬಗೆಗಂತೂ ನನಗೆ ಸಂದೇಹವೇ ಇಲ್ಲ. ಇಂಥ ಬ್ಯಾಕ್ಟೀರಿಯಾ ಮಾಡುವ ಕೆಲಸವನ್ನು ‘ರೋಗನಿರ್ಣಯ’ ಎಂದು ಕರೆಯಕೂಡದು. ಅದರ ಬೆಳಕು ಅನುಮಾನಾಸ್ಪದ ಜಾಗದ ಸುಳಿವನ್ನಷ್ಟೇ ಕೊಡಬಲ್ಲದು. ಮಚ್ಚೆಯೊಂದು ಕ್ಯಾನ್ಸರೋ ಅಲ್ಲವೋ ಎಂಬುದನ್ನು ನಿರ್ಣಯಿಸುವುದು ಅದರ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡುವ ಬಯಾಪ್ಸಿ. ‘ನಿರ್ಣಯ’ ಎಂಬ ಮಾತನ್ನು ನಂಬಿ ಯಾರಾದರೂ ವೈದ್ಯರ ಬಳಿ ಹೋಗುವುದನ್ನು ಮುಂದೂಡಿದರೆ ಅದು ಪದದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹಾಗಾಗಿ ‘ಸುಳಿವು ನೀಡುವ’ ಎಂದೇ ಬರೆದಿದ್ದೇನೆ.

ಕನ್ನಡದಲ್ಲಿ ಭೌತಶಾಸ್ತ್ರ ಅಥವಾ ಜೀವಶಾಸ್ತ್ರ ಕಲಿಸಿದವರು, ತರಗತಿಯಲ್ಲಿ ‘ಪ್ರತಿದೀಪ್ತಿ’ಯನ್ನು ಮಕ್ಕಳಿಗೆ ಹೇಗೆ ವಿವರಿಸುತ್ತಿದ್ದಿರಿ, ಅದಕ್ಕಿಂತ ತಿಳಿಯಾದ ಪದ ಬಳಕೆಯಲ್ಲಿದೆಯೇ ಎಂಬುದನ್ನು ಒಂದೆರಡು ವಾಕ್ಯಗಳ ಉದಾಹರಣೆಯೊಡನೆ ದಯವಿಟ್ಟು ತಿಳಿಸಿ.