ಬಳಸಿದ ಇಂಧನದ ಕೊಳಕ್ಕೆ ಒಂದು ನಟ್ಟು ಬಿದ್ದರೆ ಅಷ್ಟೊಂದು ತೊಂದರೆಯಾ?

ದಾವಣಗೆರೆ ಫಿಟ್ಟರ್:
ನಮಸ್ಕಾರ. ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ ಇಲ್ಲೇ ಪಿ.ಬಿ. ರಸ್ತೆ ಹತ್ತಿರ ವರ್ಕ್‌ಶಾಪ್‌ನಲ್ಲಿದ್ದೇನೆ. ಅಣುಸ್ಥಾವರದ ಶಟ್‌ಡೌನ್ ಕೆಲಸಕ್ಕೆ ಗುತ್ತಿಗೆ ಮೇಲೆ ಕರೆಯುತ್ತಿದ್ದಾರೆ. ಹೋಗಿ ಬಂದ ಗೆಳೆಯ ಹೇಳುತ್ತಾನೆ, ಬಳಸಿದ ಇಂಧನ ಇಡುವ ಕೊಳದ ಹತ್ತಿರ ಜೇಬಲ್ಲಿ ಪೆನ್ನೂ ಇರಬಾರದಂತೆ, ಕನ್ನಡಕಕ್ಕೆ ದಾರ ಕಟ್ಟಬೇಕಂತೆ, ಪ್ರತಿ ಸ್ಪ್ಯಾನರ್ ಒಳಗೆ ಹೋಗುವಾಗ ಬರೆದು ಹೊರಗೆ ಬರುವಾಗ ಲೆಕ್ಕ ಒಪ್ಪಿಸಬೇಕಂತೆ. ಕೊಳ ಸುಮಾರು 12 ಮೀಟರ್ ಆಳ ಇರುತ್ತೆ ಅಂತ ಓದಿದ್ದೇನೆ. ನಟ್ಟು ಬಿದ್ದರೆ ತಳದಲ್ಲಿ ಕೂರುತ್ತೆ, ಮ್ಯಾಗ್ನೆಟ್ ಇಳಿಸಿ ಎತ್ತಿದರಾಯ್ತು, ಅಲ್ವಾ?

ಕೋಟೆ ಊರಿನವ:
ತಮ್ಮಾ, ನಾನು ಇದೇ ಕೆಲಸದಲ್ಲಿದ್ದು ನಿವೃತ್ತನಾಗಿ ಈಗ ಚಿತ್ರದುರ್ಗದಲ್ಲಿದ್ದೇನೆ. ಮೊದಲು ಮ್ಯಾಗ್ನೆಟ್ ವಿಷಯ. ಅಲ್ಲಿ ಬಳಸುವ ನಟ್ಟು, ವಾಷರ್, ತಂತಿ ಹೆಚ್ಚಿನವು ಸ್ಟೇನ್‌ಲೆಸ್ ಸ್ಟೀಲ್. ಅಲ್ಲಿ ಬಳಸೋ ಜಾತಿಯದನ್ನು ಸಾಮಾನ್ಯವಾಗಿ ಮ್ಯಾಗ್ನೆಟ್ ಹಿಡಿಯಲ್ಲ. ಪ್ಲಾಸ್ಟಿಕ್ಕಂತೂ ಕೇಳಲೇಬೇಡ. ಪಾರದರ್ಶಕ ಪ್ಲಾಸ್ಟಿಕ್ ಹಾಳೆ ನೀರಿಗೆ ಬಿತ್ತೋ, ಎದುರಿಗೇ ಇದ್ದರೂ ಕಾಣಲ್ಲ. ಅದಕ್ಕೇ ಅಲ್ಲಿ ಬಣ್ಣದ ಪ್ಲಾಸ್ಟಿಕ್ ಮಾತ್ರ ಬಿಡೋದು.

ಇನ್ನು ತಳದಲ್ಲಿ ಕೂರೋ ಮಾತು. ಕೊಳದ ನೀರು ನಿಂತ ನೀರಲ್ಲ, ಇಂಧನದ ಬಿಸಿ ತೆಗೆಯೋಕೆ ಪಂಪು, ಕೂಲರ್, ಫಿಲ್ಟರ್ ಮೂಲಕ ಸುತ್ತುತ್ತಲೇ ಇರುತ್ತೆ, ಹಗುರವಾದದ್ದು ಅದರ ಜೊತೆ ಹೊರಡುತ್ತೆ. ನನಗೆ ಜಾಸ್ತಿ ಭಯ ಇದ್ದದ್ದು ವೈರ್ ಬ್ರಶ್ಶಿನ ಒಂದು ಎಳೆ. ಕೂಡಂಕುಳಂ ತರಹದ ರಿಯಾಕ್ಟರಿನಲ್ಲಿ 163 ಇಂಧನ ಕಟ್ಟುಗಳಿರುತ್ತವೆ, ಒಂದೊಂದೂ ಇಂಧನ ತುಂಬಿದ ತೆಳು ಕೊಳವೆಗಳನ್ನು ಜಾಲರಿಯಲ್ಲಿ ಜೋಡಿಸಿದ ಕಂತೆ. ಇಂಧನ ಬದಲಿಸುವಾಗ ಮುಚ್ಚಳ ತೆಗೆದು ನೀರು ತುಂಬುತ್ತಾರೆ, ಆಗ ರಿಯಾಕ್ಟರಿಗೂ ಕೊಳಕ್ಕೂ ನೀರಿನೊಳಗೇ ದಾರಿ. ಅರ್ಧ ಉರಿದ ಕಟ್ಟುಗಳು ವಾಪಸ್ ಒಳಗೆ ಹೋಗುತ್ತವೆ. ಆ ಎಳೆ ಕಟ್ಟಿನ ಜಾಲರಿಯಲ್ಲಿ ಸಿಕ್ಕಿಕೊಂಡು ಹೋಯಿತು ಅಂದ್ಕೋ. ರಿಯಾಕ್ಟರ್ ಶುರುವಾದ ಮೇಲೆ ನೀರಿನ ರಭಸಕ್ಕೆ ಅದು ನಡುಗುತ್ತಾ ಇಂಧನದ ಕೊಳವೆಯನ್ನು ಅರದ ಹಾಗೆ ಉಜ್ಜುತ್ತೆ, ತಿಂಗಳುಗಟ್ಟಲೆ. ಕೊಳವೆಯ ಗೋಡೆ ಅರ್ಧ ಮಿಲಿಮೀಟರಿಗಿಂತ ತುಸು ದಪ್ಪ, ಅಷ್ಟೇ. ತೂತಾದರೆ ಒಳಗಿರೋ ವಿಕಿರಣ ಸೂಸುವ ಝೆನಾನ್, ಅಯೋಡಿನ್ ಎಲ್ಲ ನೀರಿಗೆ ಬರುತ್ತೆ. ಆಮೇಲೆ ಅಲ್ಲಿ ಕೆಲಸ ಮಾಡುವವರ ಮೈಮೇಲೇ ವಿಕಿರಣದ ಡೋಸ್.

ಚಳ್ಳಕೆರೆ ಎಣ್ಣೆ ಗಾಣ:
ಸರ್, ಕೈಗಾದಲ್ಲಿ ಹಾಗಲ್ವಲ್ಲ? ಅಲ್ಲಿ ರಿಯಾಕ್ಟರ್ ಓಡುತ್ತಿರುವಾಗಲೇ ಇಂಧನ ಬದಲಿಸುತ್ತಾರೆ, ಅರ್ಧ ಮೀಟರ್ ಉದ್ದದ ಚಿಕ್ಕ ಬಂಡಲ್, ಕೊಳಕ್ಕೆ ಬಂದದ್ದು ಮತ್ತೆ ರಿಯಾಕ್ಟರಿಗೆ ಹೋಗಲ್ಲ.

ಕೋಟೆ ಊರಿನವ:
ನಿಜ. ಆ ಒಂದು ದಾರಿ ಅಲ್ಲಿಲ್ಲ. ಹಾಗಂತ ಸಡಿಲ ಬಿಡೋ ಹಾಗಿಲ್ಲ. ಬಂಡಲ್‌ಗಳನ್ನು ನೀರಿನ ಮೇಲೆ ನಿಂತು ಉದ್ದ ಕೋಲಿನ ಸಾಧನದಿಂದ ಎತ್ತಿ ಟ್ರೇಗೆ ಇಡಬೇಕು, ಅದರ ಬಾಯಿಗೆ ಚೂರು ಸಿಕ್ಕಿಕೊಂಡರೆ ಕೆಲಸ ನಿಂತಿತು. ಪಂಪಿಗೂ ಅದೇ ಗತಿ. ಟೇಪಿನ ಅಂಟಿನಲ್ಲಿ ಕ್ಲೋರೈಡ್ ಇದ್ದರೆ ಸ್ಟೇನ್‌ಲೆಸ್ ಸ್ಟೀಲಿಗೂ ಬಿರುಕು ಬರುತ್ತೆ, ಅದಕ್ಕೇ ಟೇಪೂ ಅವರು ಒಪ್ಪಿದ್ದೇ ಆಗಬೇಕು. ಬಿದ್ದದ್ದನ್ನು ಎತ್ತಿದರೂ ಅದು ಬರೀ ನಟ್ಟಲ್ಲ, ವಿಕಿರಣದ ಕಸ.

ಹರಿಹರದ ಅಕ್ಕ:
ಫುಕುಶಿಮಾ ನೆನಪಿಸಿಕೊಳ್ಳಿ. 2011ರ ಸ್ಫೋಟದಲ್ಲಿ 3ನೇ ಘಟಕದ ಚಾವಣಿಯ ಅವಶೇಷ ಕೊಳಕ್ಕೇ ಬಿತ್ತು, ಇಂಧನ ಎತ್ತುವ ಯಂತ್ರವೂ ಬಿತ್ತು. ಅದನ್ನು ದೂರದಿಂದ ಕ್ಯಾಮೆರಾ ನೋಡಿಕೊಂಡು ತೆಗೆಯುತ್ತಿರುವಾಗಲೇ 2014ರ ಆಗಸ್ಟ್‌ನಲ್ಲಿ ಆ ಯಂತ್ರದ ಸುಮಾರು 400 ಕಿಲೋ ತೂಕದ ಕನ್ಸೋಲ್, ಅಂದರೆ ಅದನ್ನು ನಡೆಸುವ ನಿಯಂತ್ರಣ ಫಲಕ, ಜಾರಿ ಮತ್ತೆ ಒಳಗೆ ಬಿತ್ತು. ಅಲ್ಲಿದ್ದ 566 ಕಟ್ಟುಗಳನ್ನು ಹೊರಗೆ ತೆಗೆದು ಮುಗಿಸುವಷ್ಟರಲ್ಲಿ 2021ರ ಫೆಬ್ರವರಿ ಬಂತು. ಅದು ದುರಂತ, ನಿಮ್ಮ ನಟ್ಟಿಗೂ ಅದಕ್ಕೂ ಹೋಲಿಕೆ ಇಲ್ಲ, ಒಪ್ಪುತ್ತೇನೆ. ಆದರೆ ನೀರಿನ ಕೆಳಗಿಂದ ಏನನ್ನಾದರೂ ಎತ್ತೋದು ಎಷ್ಟು ನಿಧಾನದ ಕೆಲಸ ಅಂತ ಅದರಿಂದ ಗೊತ್ತಾಗುತ್ತೆ.

ದಾವಣಗೆರೆ ಫಿಟ್ಟರ್:
ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳಲಾ, ಕೊರಳಲ್ಲಿ ಶಿವದಾರ, ಕರಡಿಗೆ ಇದೆ. ಮತ್ತೆ ಕೈ ಜಾರಿ ಏನಾದರೂ ಬಿದ್ದೇಬಿಟ್ಟರೆ?

ಕೋಟೆ ಊರಿನವ:
ಕರಡಿಗೆ ವಿಷಯ ತರಬೇತಿಯ ಮೊದಲ ದಿನವೇ ಸೂಪರ್‌ವೈಸರಿಗೆ ಹೇಳು, ಕೊಳದ ಅಂಚಿಗೆ ಹೋದಮೇಲೆ ಅಲ್ಲ. ಸಂಕೋಚ ಬೇಡ. ಏನಾದರೂ ಬಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸು, ಬಿದ್ದ ಜಾಗದಿಂದ ಕಣ್ಣು ತೆಗೆಯಬೇಡ, ಜೋರಾಗಿ ಕೂಗಿ ಹೇಳು. ನೀನೇ ಕೋಲು ಹಾಕಿ ಕೆದಕೋಕೆ ಹೋಗಬೇಡ, ಇನ್ನೂ ಆಳದ ಸಂದಿಗೆ ಸೇರಿಕೊಳ್ಳುತ್ತೆ. ಕೂಡಲೇ ಹೇಳಿದರೆ ಕ್ಯಾಮೆರಾ ಬಿಟ್ಟು ಆ ಜಾಗವನ್ನೇ ಹುಡುಕಬಹುದು. ಬೈತಾರೆ ಅಂತ ಮುಚ್ಚಿಟ್ಟರೆ ಇಡೀ ಕೊಳ ಹುಡುಕಬೇಕಾಗುತ್ತೆ.