ಖಾಸಗಿ ಎಲ್‌ವಿಎನ್ ಶಾಲೆಯೋ, ಕಮ್ಯುನಿಟಿ ಕಾಲೇಜೋ? ಶುಕ್ರವಾರದೊಳಗೆ ಸಹಿ ಹಾಕಬೇಕಂತೆ

ಅರಸೀಕೆರೆಯವಳು (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ಹಾಸನದಲ್ಲಿ ಬಿ.ಕಾಂ ಮುಗಿಸಿ ಎರಡು ವರ್ಷ ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡಿದೆ. ಮದುವೆಯಾಗಿ ಇಲ್ಲಿಗೆ ಬಂದು ಏಳು ವರ್ಷ ಆಯ್ತು. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಮಗನಿಗೆ ಎಂಟು, ಮಗಳಿಗೆ ನಾಲ್ಕು ವರ್ಷ.

ನರ್ಸಿಂಗ್ ಆಸೆ ಹುಟ್ಟಿದ್ದು ನಮ್ಮ ಅತ್ತೆಯಿಂದ. ಇಲ್ಲಿಗೆ ಬಂದಿದ್ದಾಗ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರಿಗೆ ಇಂಗ್ಲಿಷ್ ಬರಲ್ಲ. ರಾತ್ರಿಯೆಲ್ಲ ಪಕ್ಕದ ಕುರ್ಚಿಯಲ್ಲಿ ನಾನೇ ಇರುತ್ತಿದ್ದೆ. ಫಿಲಿಪ್ಪೀನ್ಸ್ ಕಡೆಯ ಒಬ್ಬರು ನರ್ಸ್ ನನ್ನ ಹತ್ತಿರ "ನೋವು" ಅನ್ನೋ ಒಂದು ಪದ ಕೇಳಿ ಕಲಿತರು. ಆಮೇಲೆ ಪ್ರತಿ ಸಲ ಬಂದು, ಬಗ್ಗಿ, "ನೋವು?" ಅನ್ನುತ್ತಿದ್ದರು. ಹತ್ತರಲ್ಲಿ ಎಷ್ಟು ನೋವು ಅಂತ ಅತ್ತೆ ಬೆರಳು ಮಡಚಿ ತೋರಿಸುತ್ತಿದ್ದರು. ಮೊದಲ ದಿನ ಎಂಟು, ನಾಲ್ಕನೇ ದಿನ ಐದು, ಹೊರಡುವ ದಿನ ಎರಡು. ಈ ಕೆಲಸ ನನ್ನ ಕೈಯಲ್ಲಿ ಆಗುತ್ತೆ ಅಂತ ಆ ಕುರ್ಚಿಯಲ್ಲಿ ಕೂತಾಗಲೇ ಅನ್ನಿಸಿತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗೆ ಇಪ್ಪತ್ತು ನಿಮಿಷದಲ್ಲಿ ಒಂದು ಖಾಸಗಿ ವೊಕೇಶನಲ್ ಶಾಲೆ ಇದೆ. ಎಲ್‌ವಿಎನ್ (ಲೈಸೆನ್ಸ್ಡ್ ವೊಕೇಶನಲ್ ನರ್ಸ್, ಆರ್‌ಎನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ನರ್ಸ್) ಕೋರ್ಸು 14 ತಿಂಗಳು, ಒಟ್ಟು 36,000 ಡಾಲರ್. ವಿಚಾರಿಸಲು ಒಂದೇ ಸಲ ಹೋಗಿದ್ದೆ, ಆಮೇಲೆ ಅವರಿಂದ ಐದು ಸಲ ಫೋನ್ ಬಂತು. ಎರಡೇ ಸೀಟು ಉಳಿದಿದೆ, ಶುಕ್ರವಾರದೊಳಗೆ ಸಹಿ ಹಾಕಿ ಅನ್ನುತ್ತಾರೆ. ಇನ್ನೊಂದು ಕಡೆ ಓಲೋನಿ, ಶಾಬೋ ತರಹದ ಕಮ್ಯುನಿಟಿ ಕಾಲೇಜುಗಳು, ಅಂದರೆ ಕಡಿಮೆ ಫೀಸಿನ ಸರ್ಕಾರಿ ಕಾಲೇಜುಗಳು. ಯೂನಿಟ್‌ಗೆ (ಪಾಠ ಅಳೆಯುವ ಲೆಕ್ಕ, ಕ್ರೆಡಿಟ್ ಇದ್ದ ಹಾಗೆ) 46 ಡಾಲರ್ ಅಷ್ಟೇ, ಮುಗಿಸಿದರೆ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಪರೀಕ್ಷೆಗೇ ಕೂರಬಹುದು. ಆದರೆ ಅನಾಟಮಿ, ಫಿಸಿಯಾಲಜಿ, ಮೈಕ್ರೊಬಯಾಲಜಿ ಮೊದಲೇ ಮುಗಿಸಿ ಅರ್ಜಿ ಹಾಕಬೇಕು, ಸೀಟು ಸಿಕ್ಕರೆ ಮತ್ತೆ ಎರಡು ವರ್ಷ. ಸಿಗದಿದ್ದರೆ?

ನಮ್ಮ ಯಜಮಾನರು ದುಡ್ಡು ಹೇಗೋ ಹೊಂದಿಸೋಣ, ನಿನ್ನಿಷ್ಟ ಅಂದರು. ಅಮ್ಮ ಫೋನಲ್ಲಿ "ನಾಲ್ಕು ವರ್ಷ ಅಂದ್ರೆ ನಿನಗೆ 38 ಆಗುತ್ತಲ್ಲೇ" ಅಂದರು. ಎರಡು ದಿನದಿಂದ ನಿದ್ದೆ ಇಲ್ಲ. ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಟ್ರೇಸಿ ಕನ್ನಡಿಗ

ನನ್ನ ಹೆಂಡತಿ ಖಾಸಗಿ ಶಾಲೆಯಲ್ಲೇ ಎಲ್‌ವಿಎನ್ ಮಾಡಿದಳು. ನನಗೆ ಕೆಲಸ ಹೋಗಿತ್ತು, ಮನೆಗೆ ಬೇಗ ಒಂದು ಸಂಬಳ ಬೇಕಿತ್ತು. ಸಾಲ ಮಾಡಿದೆವು. ಲೈಸೆನ್ಸ್ ಬಂದ ಎರಡು ತಿಂಗಳಿಗೇ ಕೆಲಸ ಸಿಕ್ಕಿತು. ಈಗ ವೆಂಟಿಲೇಟರ್ ಮೇಲಿರುವ ಒಂದು ಮಗುವನ್ನು ಅವರ ಮನೆಯಲ್ಲೇ ರಾತ್ರಿ ನೋಡಿಕೊಳ್ಳುತ್ತಾಳೆ. ಅವಳಿಗೆ ಆ ಕೆಲಸ ಇಷ್ಟ, ಆ ಮಗುವಿಗೂ ಅವಳು ಇಷ್ಟ. ಎಲ್‌ವಿಎನ್ ಚಿಕ್ಕ ಕೆಲಸ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನಿಮಗೆ ದುಡಿಮೆ ಎಷ್ಟು ಬೇಗ ಬೇಕು ಅನ್ನೋದನ್ನು ಮೊದಲು ಮನೆಯಲ್ಲಿ ಕೂತು ಮಾತಾಡಿ.

ರಾತ್ರಿಪಾಳಿ (ಸ್ಯಾಕ್ರಮೆಂಟೊ)

ತಂಗಿ, ನಾನು ತೀರ್ಥಹಳ್ಳಿ ಕಡೆಯವಳು. ಎರಡೂ ದಾರಿ ನಡೆದಿದ್ದೇನೆ. 2013ರಲ್ಲಿ ಖಾಸಗಿ ಶಾಲೆಯಲ್ಲಿ ಎಲ್‌ವಿಎನ್ ಸೇರಿದೆ, ಆಮೇಲೆ ಕಮ್ಯುನಿಟಿ ಕಾಲೇಜಿಗೆ ಹೋಗಿ 2020ರಲ್ಲಿ ಆರ್‌ಎನ್ ಆದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೇ ಮಾತು, ಶುಕ್ರವಾರ ಸಹಿ ಹಾಕಬೇಡಿ. ನರ್ಸಿಂಗ್ ಶಾಲೆಯ ಮುಂದಿನ ಬ್ಯಾಚು ಯಾವತ್ತೂ ಇದ್ದೇ ಇರುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಶಾಲೆಗಳ ಮೇಲೆ ಬಿಪಿಪಿಇ ಅಂತ ಒಂದು ಸರ್ಕಾರಿ ಕಚೇರಿ ಇದೆ. ಅದರ ನಿಯಮದ ಪ್ರಕಾರ, ಒಪ್ಪಂದಕ್ಕೆ ಸಹಿ ಹಾಕಿಸುವ ಮೊದಲೇ "ಸ್ಕೂಲ್ ಪರ್ಫಾರ್ಮೆನ್ಸ್ ಫ್ಯಾಕ್ಟ್ ಶೀಟ್" ನಿಮ್ಮ ಕೈಗೆ ಕೊಡಬೇಕು. ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಎಷ್ಟು ಜನ ಲೈಸೆನ್ಸ್ ಪರೀಕ್ಷೆ ಪಾಸಾದರು ಎಲ್ಲ ಅದರಲ್ಲಿರುತ್ತೆ. ಅದನ್ನು ಮನೆಗೆ ತನ್ನಿ, ಊಟದ ಮೇಜಿನ ಮೇಲಿಟ್ಟು ಇಬ್ಬರೂ ಓದಿ. ಸಹಿ ಹಾಕಿಬಿಟ್ಟಿದ್ದರೂ ಮೊದಲ ತರಗತಿಯ ದಿನ ಅಥವಾ ಸೇರಿದ ಏಳನೇ ದಿನ, ಯಾವುದು ಆಮೇಲೆ ಬರುತ್ತೋ ಅಲ್ಲಿಯವರೆಗೆ ರದ್ದು ಮಾಡುವ ಹಕ್ಕು ನಿಮಗಿದೆ. ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಎಂಟು ಕಡೆ ಸಹಿ ಹಾಕಿ ಅಂದರು, ಹಾಕಿದೆ.

ಓದಿದ್ದು ಸುಳ್ಳಲ್ಲ. ಈ ರಾಜ್ಯದಲ್ಲಿ ಎಲ್‌ವಿಎನ್ ಕೋರ್ಸ್ ಅಂದರೆ 1,530 ಗಂಟೆ, ಅದರಲ್ಲಿ 576 ತರಗತಿ, 954 ಕ್ಲಿನಿಕಲ್. ಖಾಸಗಿ ಆದರೂ ಕಾಲೇಜಾದರೂ ಅಷ್ಟು ಗಂಟೆ ಆಗಲೇಬೇಕು. ನಮಗೆ ಪಾಠ ಮಾಡಿದ ಇಬ್ಬರು ತುಂಬಾ ಒಳ್ಳೆಯವರು. ಅವರು ಹೇಳಿಕೊಟ್ಟ ಹಾಗೇ ಇವತ್ತಿಗೂ ಕೈಗವಸು ಬಿಚ್ಚುತ್ತೇನೆ.

ಪೆಟ್ಟು ಬಿದ್ದಿದ್ದು ಆಮೇಲೆ. ಒಂದು ನರ್ಸಿಂಗ್ ಹೋಮ್‌ನಲ್ಲಿ ಕೆಲಸ ಸಿಕ್ಕಿತು. ನಿಮಗೆ ಆ ಬೆಳಗ್ಗೆ ಹೇಗಿರುತ್ತೆ ಅಂತ ಗೊತ್ತಿರಲಿ. ಎಂಟು ಗಂಟೆಯ ಮಾತ್ರೆಗಳು. ನನ್ನ ಪಾಲಿಗೆ 28 ಜನ. ಮಾತ್ರೆ ಗಾಡಿ ತಳ್ಳಿಕೊಂಡು ಒಂದೊಂದೇ ಕೋಣೆ. ಬಬಲ್ ಪ್ಯಾಕಿನಿಂದ ಮಾತ್ರೆ ಒತ್ತಿ ತೆಗೆದು, ನುಂಗಲು ಆಗದವರಿಗೆ ಪುಡಿ ಮಾಡಿ ಸೇಬಿನ ಸಾಸ್‌ನಲ್ಲಿ ಕಲಸಬೇಕು. ನಿಧಾನವಾಗಿ ಕರಗುವ ಮಾತ್ರೆ ಇರುತ್ತಲ್ಲ, ಅದನ್ನು ಪುಡಿ ಮಾಡುವ ಹಾಗಿಲ್ಲ, ಅದನ್ನೂ ನೋಡಿಕೊಳ್ಳಬೇಕು. 12ನೇ ಕೋಣೆಯ ಅಜ್ಜಿ ನೀರು ಕುಡಿಯುವ ತನಕ ನನ್ನ ಮಣಿಕಟ್ಟು ಹಿಡಿದುಕೊಂಡಿರುತ್ತಿದ್ದರು. ಬಿಡಿಸಿಕೊಳ್ಳಲು ಮನಸ್ಸಾಗುತ್ತಿರಲಿಲ್ಲ. ಆದರೆ ಇನ್ನೂ ಹದಿನಾರು ಜನ ಕಾಯುತ್ತಿರುತ್ತಿದ್ದರು. ಈಗ ಆಸ್ಪತ್ರೆಯ ಮೆಡಿಕಲ್-ಸರ್ಜಿಕಲ್ ವಾರ್ಡಿನಲ್ಲಿ ಆರ್‌ಎನ್ ಆಗಿದ್ದೇನೆ. ಇಲ್ಲಿ ಒಬ್ಬ ನರ್ಸಿಗೆ ಐದು ರೋಗಿಗಳಿಗಿಂತ ಜಾಸ್ತಿ ಕೊಡುವ ಹಾಗಿಲ್ಲ, ಕ್ಯಾಲಿಫೋರ್ನಿಯಾದ ಕಾನೂನೇ ಹಾಗಿದೆ. ನಿಮ್ಮ ಅತ್ತೆಯ ಹಾಸಿಗೆ ಹತ್ತಿರ ಬಗ್ಗಿ "ನೋವು?" ಅಂತ ಕೇಳಿದ್ದಾರಲ್ಲ, ಹಾಗೆ ಕೇಳಲು ಸಮಯ ಬೇಕು. ನಿಮಗೆ ಬೇಕಾಗಿರುವುದು ಆ ಕೆಲಸ ಅಂತ ನನಗೆ ಅನ್ನಿಸುತ್ತೆ. ಇವತ್ತು ದೊಡ್ಡ ಆಸ್ಪತ್ರೆಗಳ ವಾರ್ಡುಗಳಲ್ಲಿ ಅದನ್ನು ಹೆಚ್ಚಾಗಿ ಆರ್‌ಎನ್‌ಗಳೇ ಮಾಡುತ್ತಾರೆ. ಎಲ್‌ವಿಎನ್‌ಗಳಿಗೆ ಕೆಲಸ ಜಾಸ್ತಿ ಇರುವುದು ನರ್ಸಿಂಗ್ ಹೋಮ್, ಕ್ಲಿನಿಕ್, ಮನೆ ಆರೈಕೆಯಲ್ಲಿ.

ನಾನು ಆರ್‌ಎನ್ ಮಾಡಬೇಕು ಅಂತ ಕಮ್ಯುನಿಟಿ ಕಾಲೇಜಿಗೆ ಹೋದಾಗ ಕೌನ್ಸೆಲರ್ ನನ್ನ ಅಂಕಪಟ್ಟಿ ನೋಡಿ ತಲೆ ಅಲ್ಲಾಡಿಸಿದರು. 31,000 ಡಾಲರ್ ಕೊಟ್ಟು ಓದಿದ ಅನಾಟಮಿ ಒಂದು ಯೂನಿಟ್ಟೂ ಲೆಕ್ಕಕ್ಕೆ ಬರಲಿಲ್ಲ. ವಿಜ್ಞಾನದ ಪಾಠವೆಲ್ಲ ಮತ್ತೆ ಮೊದಲಿಂದ. ಎಲ್‌ವಿಎನ್ ಲೈಸೆನ್ಸ್ ಇದ್ದಿದ್ದರಿಂದ ನರ್ಸಿಂಗ್‌ನ ಎರಡನೇ ವರ್ಷಕ್ಕೆ ನೇರ ಸೇರಲು ಆಯ್ತು, ಅದೊಂದು ಲಾಭ. ಆದರೆ ಸಾಲ ತೀರಿದ್ದು ಹೋದ ವರ್ಷ. ಕಾಲೇಜಿಗೆ ನಾನು ಕಟ್ಟಿದ್ದು ಪುಸ್ತಕ, ಸಮವಸ್ತ್ರ ಸೇರಿ 5,000 ದಾಟಲಿಲ್ಲ.

ಅದಕ್ಕೇ ಆ ಶಾಲೆಯಲ್ಲಿ ಒಂದೇ ಪ್ರಶ್ನೆ ಕೇಳಿ. "ನಿಮ್ಮಲ್ಲಿ ಓದಿದ ಯೂನಿಟ್‌ಗಳನ್ನು ಯಾವ ಕಾಲೇಜು ಸೇರಿಸಿಕೊಳ್ಳುತ್ತೆ? ಬರಹದಲ್ಲಿ ಕೊಡಿ." ಬಾಯಿಮಾತಿಗೆ ಬೆಲೆ ಇಲ್ಲ. ಎಲ್‌ವಿಎನ್ ಬೋರ್ಡ್ ತನ್ನ ವೆಬ್‌ಸೈಟಿನಲ್ಲಿ ಪ್ರತಿ ಶಾಲೆಯ ಪಾಸಾದವರ ಪ್ರಮಾಣ ಹಾಕುತ್ತೆ, ಆರ್‌ಎನ್ ಬೋರ್ಡ್ ಕೂಡ. ಒಂದು ವರ್ಷದ್ದು ನೋಡಬೇಡಿ, ನಾಲ್ಕೈದು ವರ್ಷದ್ದು ಒಟ್ಟಿಗೆ ನೋಡಿ.

ಇನ್ನೊಂದು ಮಾತು. 2015ರಲ್ಲಿ ಕೊರಿಂಥಿಯನ್ ಕಾಲೇಜುಗಳು, 2016ರಲ್ಲಿ ಐಟಿಟಿ ಟೆಕ್ ಬಾಗಿಲು ಹಾಕಿದಾಗ ಓದುತ್ತಿದ್ದವರು ನಡುನೀರಿನಲ್ಲಿ ನಿಂತರು. ಎಲ್ಲ ಖಾಸಗಿ ಶಾಲೆಯೂ ಹಾಗಾಗುತ್ತೆ ಅಂತಲ್ಲ. ಆದರೆ ಪೂರ್ತಿ ಫೀಸು ಒಂದೇ ಸಲ ಕಟ್ಟಬೇಡಿ.

ಪಾಠದ ಹುಡುಗಿ (ಹೇವರ್ಡ್)

ನಾನು ಈಗ ಕಮ್ಯುನಿಟಿ ಕಾಲೇಜಿನಲ್ಲಿ ನರ್ಸಿಂಗ್ ಮೊದಲ ವರ್ಷ. ಎರಡನೇ ಸಲ ಅರ್ಜಿ ಹಾಕಿದಾಗ ಸೀಟು ಸಿಕ್ಕಿತು. ಮೊದಲ ಸಲ ಸಿಗಲಿಲ್ಲ ಅಂದಾಗ ಎರಡು ದಿನ ಅತ್ತಿದ್ದೆ. ಅದನ್ನು ಮುಚ್ಚಿಡಲ್ಲ.

ಕೆಲವು ಕಾಲೇಜುಗಳಲ್ಲಿ ಲಾಟರಿ, ಕೆಲವು ಕಡೆ ಅಂಕದ ಲೆಕ್ಕ. ಅಂಕದ ಲೆಕ್ಕ ಇರುವ ಕಡೆ ನಿಮಗೆ ಅನುಕೂಲ ಇದೆ ಅಕ್ಕ. ಹಿಂದಿನ ಪದವಿಗೆ, ಆರೋಗ್ಯ ಕ್ಷೇತ್ರದ ಕೆಲಸ ಅಥವಾ ಸ್ವಯಂಸೇವೆಗೆ ಅಂಕ ಕೊಡಬಹುದು ಅಂತ ರಾಜ್ಯದ ಕಾನೂನಿನಲ್ಲೇ ಇದೆ. ಇನ್ನೊಂದು ತುಂಬಾ ಜನಕ್ಕೆ ಗೊತ್ತಿಲ್ಲ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಚೆನ್ನಾಗಿ ಬಂದರೂ ಅಂಕ ಕೊಡಬಹುದು. ಆ ಪಟ್ಟಿಯಲ್ಲಿ ಸ್ಪ್ಯಾನಿಷ್, ಟಗಾಲೊಗ್ ಜೊತೆ ಭಾರತ ಉಪಖಂಡದ ಭಾಷೆಗಳೂ ಇವೆ. ನಾನು ಅರ್ಜಿಯಲ್ಲಿ ಕನ್ನಡ ಅಂತ ಬರೆದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಇಲ್ಲಿ ಅಂಕ ಸಿಗುತ್ತೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಒಂದೊಂದು ಕಾಲೇಜು ಒಂದೊಂದು ಥರ ಲೆಕ್ಕ ಹಾಕುತ್ತೆ, ಅವರ ಅರ್ಜಿ ಪುಸ್ತಿಕೆ ಪೂರ್ತಿ ಓದಿ. ನಿಮ್ಮ ಬಿ.ಕಾಂ ಅಂಕಪಟ್ಟಿಯನ್ನು ಇಲ್ಲಿನ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಊರಿಂದ ಮುಚ್ಚಿದ ಲಕೋಟೆ ಬರಲು ನನಗೆ ನಾಲ್ಕು ತಿಂಗಳು ಹಿಡಿಯಿತು, ಅದಕ್ಕೆ ಈಗಲೇ ಶುರು ಮಾಡಿ. ಟೀಸ್ ಅನ್ನೋ ನರ್ಸಿಂಗ್ ಪ್ರವೇಶ ಪರೀಕ್ಷೆಯಲ್ಲಿ 62 ಬಂದರೆ ಪಾಸು, ಆದರೆ ಅಂಕದ ಲೆಕ್ಕದಲ್ಲಿ ಅಷ್ಟು ಸಾಲಲ್ಲ.

ಅನಾಟಮಿ ಬಗ್ಗೆ ಒಂದು ಮಾತು. ಲ್ಯಾಬ್ ಪರೀಕ್ಷೆಯಲ್ಲಿ ತಲೆಬುರುಡೆಯ ಒಂದು ಸಣ್ಣ ತೂತಿನಲ್ಲಿ ಬಣ್ಣದ ತಂತಿ ಸಿಕ್ಕಿಸಿ ಇಟ್ಟಿದ್ದರು. ಹೆಸರು ಬರೆಯಬೇಕು, ಒಂದು ನಿಮಿಷ. ಫೊರಾಮೆನ್ ಓವೇಲ್, ಅದರ ಪಕ್ಕದಲ್ಲೇ ಇನ್ನೂ ಸಣ್ಣದು ಫೊರಾಮೆನ್ ಸ್ಪೈನೋಸಮ್. ನಾನು ಅದಲು ಬದಲು ಬರೆದೆ. ಮನೆಗೆ ಬಂದು ಅಕ್ಕಿ ರೊಟ್ಟಿ ತಟ್ಟುವಾಗ ನಡುವೆ ತೂತು ಮಾಡುತ್ತೀವಲ್ಲ, ಆಗೆಲ್ಲ ಅದೇ ಹೆಸರು ಹೇಳಿಕೊಳ್ಳುತ್ತಿದ್ದೆ. ಆಮೇಲೆ ಮರೆಯಲಿಲ್ಲ. ಮಕ್ಕಳು ಮಲಗಿದ ಮೇಲೆ ದಿನಾ ಎರಡು ಗಂಟೆ ಕೂರಲು ಆಗುತ್ತಾ ಅಂತ ಯೋಚಿಸಿ. ಎರಡು ವಿಜ್ಞಾನ ಒಂದೇ ಸೆಮಿಸ್ಟರ್‌ನಲ್ಲಿ ತೆಗೆದುಕೊಳ್ಳಬೇಡಿ.

ಅರಸೀಕೆರೆಯವಳು

ನೀವೆಲ್ಲ ಇಷ್ಟು ಬಿಡಿಸಿ ಬರೆದಿದ್ದಕ್ಕೆ ಏನು ಹೇಳಲಿ. ಅಕ್ಕ, 12ನೇ ಕೋಣೆ ಅಜ್ಜಿಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಿನ್ನೆ ಶಾಲೆಗೆ ಫೋನ್ ಮಾಡಿ ಯೂನಿಟ್ ವಿಷಯ ಬರಹದಲ್ಲಿ ಕೇಳಿದೆ. "ಅದು ಆಯಾ ಕಾಲೇಜಿಗೆ ಬಿಟ್ಟಿದ್ದು" ಅಂದರು. ಆದರೆ ಎಲ್‌ವಿಎನ್ ಮುಗಿಸಿ 30 ಯೂನಿಟ್ ಓದಿದರೆ ಆರ್‌ಎನ್ ಆಗಬಹುದು ಅಂತಲೂ ಹೇಳಿದರು. ಅದು ನಿಜಾನಾ?

ರಾತ್ರಿಪಾಳಿ

ನಿಜ. ಕ್ಯಾಲಿಫೋರ್ನಿಯಾದಲ್ಲಿ ಹಾಗೊಂದು ದಾರಿ ಇದೆ. ಆದರೆ ಅದರಲ್ಲಿ ಪದವಿ ಸಿಗಲ್ಲ, ಲೈಸೆನ್ಸ್ ಮಾತ್ರ. ಬೇರೆ ಕೆಲವು ರಾಜ್ಯಗಳು ಆ ಲೈಸೆನ್ಸನ್ನು ಒಪ್ಪಲ್ಲ. ನಾಳೆ ಯಜಮಾನರಿಗೆ ಟೆಕ್ಸಾಸ್‌ನಲ್ಲೋ ನಾರ್ತ್ ಕ್ಯಾರೊಲಿನಾದಲ್ಲೋ ಕೆಲಸ ಸಿಕ್ಕರೆ? ಜೊತೆಗೆ ಎಷ್ಟೋ ದೊಡ್ಡ ಆಸ್ಪತ್ರೆಗಳು ಬಿಎಸ್‌ಎನ್ (ನರ್ಸಿಂಗ್‌ನ ಬ್ಯಾಚುಲರ್ ಪದವಿ) ಕೇಳುತ್ತವೆ. ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಪದವಿ ಇದ್ದರೆ ಕೆಲಸ ಮಾಡುತ್ತಲೇ ಆನ್‌ಲೈನ್‌ನಲ್ಲಿ ಬಿಎಸ್‌ಎನ್ ಮುಗಿಸಬಹುದು, ನಾನು ಈಗ ಅದನ್ನೇ ಮಾಡುತ್ತಿದ್ದೇನೆ. ನರ್ಸಿಂಗ್ ಪದವಿ ಇಲ್ಲದಿದ್ದರೆ ಆ ಮೆಟ್ಟಿಲು ಹತ್ತುವುದು ಕಷ್ಟ.

ಕಾಯುವ ಸಮಯ ದಂಡ ಆಗುತ್ತೆ ಅಂತ ಹೆದರಿಕೆ ಇದ್ದರೆ ಸಿಎನ್‌ಎ (ನರ್ಸುಗಳ ಕೈಕೆಳಗೆ ರೋಗಿಗಳನ್ನು ನೋಡಿಕೊಳ್ಳುವ ಸಹಾಯಕಿ) ಮಾಡಿ. ಬರೀ 160 ಗಂಟೆಯ ಕೋರ್ಸು. ವಾರಕ್ಕೆ ಎರಡು ಪಾಳಿ ಕೆಲಸ ಮಾಡಿದರೆ ಅರ್ಜಿಗೂ ಬಲ, ಈ ಕೆಲಸ ನಿಜಕ್ಕೂ ಬೇಕಾ ಅಂತ ನಿಮಗೂ ತಿಳಿಯುತ್ತೆ. ಕಾಲೇಜಿನಲ್ಲಿ ಫೀಸ್ ಮನ್ನಾಕ್ಕೂ ಕೇಳಿ, ಕಾಲೇಜ್ ಪ್ರಾಮಿಸ್ ಗ್ರಾಂಟ್ ಅಂತಾರೆ. ಮನೆ ಆದಾಯ ಹೆಚ್ಚಿದ್ದರೆ ಸಿಗದೇ ಇರಬಹುದು, ಆದರೂ ಅರ್ಜಿ ಹಾಕಿ.

ಅಮ್ಮನಿಗೆ ಹೇಳಿ, ನಾನು ಆರ್‌ಎನ್ ಆದಾಗ ನನಗೆ 41.

ಅರಸೀಕೆರೆಯವಳು

ಹೇಳಿದೆ ಅಕ್ಕ. "ಹಾಗಾದ್ರೆ ಸರಿ ಬಿಡು" ಅಂದರು.

ಶುಕ್ರವಾರ ಸಹಿ ಹಾಕಲಿಲ್ಲ. ಆ ದಿನ ಕಾಲೇಜಿಗೆ ಹೋಗಿ ಕೌನ್ಸೆಲರ್‌ನ ನೋಡಿ ಬಂದೆ. ಸಂಜೆಯ ಅನಾಟಮಿ ತರಗತಿ ತುಂಬಿದೆ, ಕಾಯುವ ಪಟ್ಟಿಯಲ್ಲಿ ನಾನು ನಾಲ್ಕನೆಯವಳು. ಮೊದಲ ದಿನ ತರಗತಿಗೆ ಬಂದು ಕೂತಿರಿ, ಯಾರಾದರೂ ಬರದಿದ್ದರೆ ಸೇರಿಸಿಕೊಳ್ಳುತ್ತಾರೆ ಅಂದರು. ಮಂಗಳವಾರ, ಗುರುವಾರ ಯಜಮಾನರು ಐದಕ್ಕೇ ಮನೆಗೆ ಬರುತ್ತಾರಂತೆ. ಒಂದು ಕೇಳಬೇಕಿತ್ತು, ಅನಾಟಮಿ ಪುಸ್ತಕ ಹೊಸದೇ ಬೇಕಾ, ಹಳೇ ಎಡಿಷನ್ ನಡೆಯುತ್ತಾ?

ಪಾಠದ ಹುಡುಗಿ (ಹೇವರ್ಡ್)

ಹಳೇದು ಸಾಕು ಅಕ್ಕ, ಮೂಳೆ ಬದಲಾಗಿಲ್ಲ. ನನ್ನದು ಕಪಾಟಿನಲ್ಲಿ ಸುಮ್ನೆ ಇದೆ, ಅಂಚಲ್ಲೆಲ್ಲ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಹೇವರ್ಡ್ ಬಾರ್ಟ್ ರೈಲು ನಿಲ್ದಾಣದ ಹತ್ತಿರ ಶನಿವಾರ ತಂದು ಕೊಡಲಾ?